ಮಲಾಪಹಾರಿಯ ಹೊಳೆಹಳ್ಳಗಳು

ಪೂರ್ವದಲ್ಲಿ ಕಪ್ಪಡಿಸಂಗಮವೆಂದು ಹೆಸರಾಂತ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಾಪಹಾರಿಯ ಉದಕವನ್ನು ತಲೆಗೆ ತಳಿದುಕೊಳ್ಳುವ ಭಕ್ತರು ಬಹುಜನರುಂಟು. ಆ ನೀರು ಎಲ್ಲಿಂದ ಬಂದಿತೆಂದು ವಿಚಾರಿಸುವವರು ಅಲ್ಪ.

ಮಲಪ್ರಭೆಯೆಂದು ಈಗ ಕರೆಯಲ್ಪಡುವ ಈ ನದಿಯು ಖಾನಾಪುರ ತಾಲೂಕಿನ ಕಣಕುಂಬಿಯ ಬಳಿ, ಸಹ್ಯಾದ್ರಿಯಲ್ಲಿ ಸುಮಾರು 792 ಮೀಟರು ಎತ್ತರದಲ್ಲಿ ಜನಿಸಿ, ಸವದತ್ತಿಯ ಸನಿಹದ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿಕೊಂಡು ಬಯಲಿಗೆ ಬರುವುದು. 1970ರ ದಶಕದ ಆರಂಭದಲ್ಲಿ ಅಲ್ಲಿ ಅಣೆಕಟ್ಟಾದ ಮೇಲೆ ನೆರೆಯ ಭಯವು ತೀರಿತೆಂದು ತಿಳಿಯುವುದು ಸಹಜ. ಆದರೆ ಭಯದ ಇನ್ನೊಂದು ಮೂಲವು ಕಟ್ಟೆಯ ಕೆಳಗಿರುವುದು. ಶಿಗ್ಗಾಂವಿ ತಾಲೂಕಿನ ದುಂಡಶಿಯ ಕಡೆಯಿಂದ ಬರುವ ಬೆಣ್ಣಿಹಳ್ಳವು ತುಪ್ಪರಿಹಳ್ಳವನ್ನು ಕೂಡಿಕೊಂಡು, ಎರೆಭೂಮಿಯಲ್ಲಿ ಹರಿದು, ರೋಣ ತಾಲೂಕಿನ ಮೆಣಸಗಿಯ ಬಳಿ ಮಲಾಪಹಾರಿಯನ್ನು ಸೇರುವುದು. ಹೆಸರುಗಳಲ್ಲಿ ಬೆಣ್ಣೆ ತುಪ್ಪಗಳಿದ್ದರೂ ಗುಣದಲ್ಲಿ ಆ ಮೃದುತ್ವವಿಲ್ಲ! ನೆಲಕ್ಕೆ ಇಳಿಜಾರು ಸಾಲದು; ಎರೆಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ನೀರನ್ನು ಹೀರಲೊಲ್ಲದು; ಮಳೆಯೆಲ್ಲ ಹೊಲಗಳ ಮೇಲೆಯೇ ಹಬ್ಬುವುದು.

2009ರ ಸೆಪ್ಟೆಂಬರಿನ ಕೊನೆಗೆ ಬಯಲುಸೀಮೆಯಲ್ಲಿಯೇ ಮಳೆ ಸುರಿದಾಗ ನಡೆದುದು ಇದೇ. ದಡದ ಹಲವು ಗ್ರಾಮಗಳನ್ನು ಎತ್ತರದ ನೆಲಕ್ಕೆ ಸ್ಥಳಾಂತರಿಸಬೇಕಾಯಿತು. 2019ರ ಆಗಸ್ಟಿನಲ್ಲಾದರೋ ಮಲೆಯ ಮಳೆಯಿಂದ ಜಲಾಶಯವೇ ತುಂಬಿ, ಹೊರಬಿಟ್ಟ ನೀರು ಪಟ್ಟದಕಲ್ಲಿನ ದೇವಾಲಯಗಳನ್ನು ಸುತ್ತುವರಿಯಿತು.

ಸಂಗಮದಲ್ಲಿ ಮಾತ್ರ ಮುಳುಗಡೆಯ ಕಾರಣವೇ ಬೇರೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಅಣ್ಣನವರ ಐಕ್ಯಸ್ಥಳವನ್ನು ಮುಟ್ಟದಂತೆ ಸುತ್ತಲೂ ಬಾವಿಯಂತೆ ಗೋಡೆಯನ್ನು ಎತ್ತಿರುವರು. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಿರುವಾಗ, ತುಂಬಿದ ದಿನಗಳಲ್ಲಿ, ಗೋಡೆಯಾಚೆಯ ನೀರು ಅವರ ತಲೆಗಿಂತ ಎತ್ತರದಲ್ಲಿ ನಿಂತಿರುವುದು.