ಸೌತ್ ಸಿಡ್ನಿ ರ‍್ಯಾಬಿಟೋಸ್: ಹಣಕಾಸಿನ ಬಿಕ್ಕಟ್ಟು ಮತ್ತು ಸದಸ್ಯರ ಒಡೆತನದ ಚರಿತ್ರೆ

ಸೌತ್ ಸಿಡ್ನಿ ರ‍್ಯಾಬಿಟೋಸ್ ಆಸ್ಟ್ರೇಲಿಯದ ಸಿಡ್ನಿ ನಗರದ ರಗ್ಬಿ ಲೀಗ್ ಕ್ಲಬ್ಬು. 1908ರಲ್ಲಿ ರೆಡ್‌ಫರ್ನ್ ಬಡಾವಣೆಯಲ್ಲಿ ಹುಟ್ಟಿತು. ಅಭಿಮಾನಿಗಳ ಬಾಯಲ್ಲಿ ಬರಿಯ 'ಸೌತ್ಸ್'. ಆಸ್ಟ್ರೇಲಿಯದ ಮೇಲ್ದರ್ಜೆಯ ಟೂರ್ನಿಯನ್ನು 21 ಬಾರಿ ಗೆದ್ದಿರುವ ಈ ಕ್ಲಬ್ಬಿನಷ್ಟು ಪ್ರಶಸ್ತಿ ಬೇರೆ ಯಾವ ಕ್ಲಬ್ಬಿಗೂ ಸಂದಿಲ್ಲ. ಅದೇ ಕ್ಲಬ್ಬನ್ನು 1999ರಲ್ಲಿ ಟೂರ್ನಿಯಿಂದ ಹೊರಹಾಕಲಾಯಿತು. ಬೀದಿ ಮೆರವಣಿಗೆ ಮತ್ತು ಕೋರ್ಟು ಹೋರಾಟಗಳ ಬಲದಿಂದ ಅದು 2002ರಲ್ಲಿ ಮರಳಿತು. 98 ವರ್ಷ ಸದಸ್ಯರ ಕೈಯಲ್ಲೇ ಇದ್ದ ಒಡೆತನದ ಮುಕ್ಕಾಲು ಪಾಲು 2006ರಲ್ಲಿ ಸದಸ್ಯರದೇ ಮತದಿಂದ ಖಾಸಗಿಯವರಿಗೆ ಹೋಯಿತು. ಅಭಿಮಾನಿಗಳ ಒಡೆತನದ ಶಕ್ತಿಯೂ ಮಿತಿಯೂ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆಗಳು ಕ್ರೀಡಾಲೋಕದಲ್ಲಿ ಹೆಚ್ಚಿಲ್ಲ.

ಹಿನ್ನೆಲೆ

ರಗ್ಬಿ ಲೀಗ್ ತಂಡಕ್ಕೆ 13 ಮಂದಿ ಆಡುವ ಆಟ. 15 ಮಂದಿಯ ರಗ್ಬಿ ಯೂನಿಯನ್‌ಗಿಂತ ಬೇರೆ. ಪಂದ್ಯಕ್ಕಾಗಿ ಕೆಲಸ ಬಿಟ್ಟು ಬರುವ ಕಾರ್ಮಿಕ ಆಟಗಾರರಿಗೆ ಆ ದಿನದ ಕೂಲಿ ಕೊಡಬೇಕೇ ಎಂಬ ಪ್ರಶ್ನೆಯ ಮೇಲೆ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಯೂನಿಯನ್‌ನಿಂದ ಸಿಡಿದು ಬಂದವು. ಹೀಗೆ ಹಣದ ಜಗಳದಿಂದಲೇ ಈ ಆಟ ಹುಟ್ಟಿತು. ಆಸ್ಟ್ರೇಲಿಯಕ್ಕೆ ಬಂದಾಗ ಸಿಡ್ನಿಯ ದುಡಿಯುವ ವರ್ಗದ ಬಡಾವಣೆಗಳು ಇದನ್ನು ತಮ್ಮದಾಗಿಸಿಕೊಂಡವು.

ಸೌತ್ಸ್ 1908ರ ಜನವರಿ 17ರಂದು ರೆಡ್‌ಫರ್ನ್ ಟೌನ್ ಹಾಲ್‌ನಲ್ಲಿ ಸ್ಥಾಪನೆಯಾಯಿತು. ಆ ವರ್ಷವೇ ಈಸ್ಟರ್ನ್ ಸಬರ್ಬ್ಸ್ ತಂಡವನ್ನು 14-12ರಿಂದ ಸೋಲಿಸಿ ಮೊದಲ ಪ್ರಶಸ್ತಿ ಪಡೆಯಿತು. 1925ರಿಂದ 1932ರವರೆಗಿನ ಎಂಟು ವರ್ಷಗಳಲ್ಲಿ ಏಳು ಬಾರಿ, 1950ರಿಂದ 1955ರವರೆಗಿನ ಆರು ವರ್ಷಗಳಲ್ಲಿ ಐದು ಬಾರಿ ಗೆದ್ದಿತು. 1967ರಿಂದ 1971ರ ನಡುವೆ ಇನ್ನೂ ನಾಲ್ಕು ಪ್ರಶಸ್ತಿ ಬಂದು ಒಟ್ಟು ಸಂಖ್ಯೆ 20 ಮುಟ್ಟಿತು. 1970ರ ಫೈನಲ್‌ನಲ್ಲಿ ನಾಯಕ ಜಾನ್ ಸ್ಯಾಟ್ಲರ್ ಮುರಿದ ದವಡೆಯಲ್ಲೇ ಕೊನೆಯವರೆಗೆ ಆಡಿದ ಪ್ರಸಂಗ ಕ್ಲಬ್ಬಿನ ಪುರಾಣವಾಗಿಯೇ ಉಳಿದಿದೆ.

ಕ್ಲಬ್ಬಿಗೆ ಮಾಲೀಕರೆಂದು ಪ್ರತ್ಯೇಕವಾಗಿ ಯಾರೂ ಇರಲಿಲ್ಲ. ನಮ್ಮ ಸಹಕಾರ ಸಂಘಗಳಂತೆ ಚಂದಾ ಕಟ್ಟಿದ ಸದಸ್ಯರೇ ಒಡೆಯರು. ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ. ಲಾಭಾಂಶ ಹಂಚುವ ಪದ್ಧತಿ ಇರಲಿಲ್ಲ. ನಷ್ಟವಾದಾಗ ಬಂಡವಾಳ ಹೂಡುವ ಕೈಯೂ ಇರಲಿಲ್ಲ.

ವರಮಾನದ ಕುಸಿತ

1956ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಸರ್ಕಾರ ನೋಂದಾಯಿತ ಕ್ಲಬ್ಬುಗಳಲ್ಲಿ ಪೋಕರ್ ಮಷೀನ್ ಎಂಬ ಜೂಜುಯಂತ್ರಗಳನ್ನು ಕಾನೂನುಬದ್ಧಗೊಳಿಸಿತು. ಅಲ್ಲಿಂದಾಚೆಗೆ ಸಿಡ್ನಿಯ ತಂಡಗಳನ್ನು ಸಾಕಿದ್ದು ಗೇಟಿನ ಟಿಕೆಟ್ ಹಣಕ್ಕಿಂತ ಹೆಚ್ಚಾಗಿ ಆಯಾ ತಂಡದ ಹೆಸರಿನಲ್ಲಿ ನಡೆಯುವ 'ಲೀಗ್ಸ್ ಕ್ಲಬ್' ಎಂಬ ಮನರಂಜನಾ ಕೇಂದ್ರಗಳ ಆದಾಯ. ದೊಡ್ಡ ಲೀಗ್ಸ್ ಕ್ಲಬ್ ಇದ್ದವರು ಒಳ್ಳೆಯ ಆಟಗಾರರನ್ನು ಕೊಂಡರು, ಇಲ್ಲದವರು ಮಾರಿದರು.

1970ರ ದಶಕದ ಆರಂಭದಲ್ಲಿ ಸೌತ್ಸ್‌ನ ಲೀಗ್ಸ್ ಕ್ಲಬ್ ಸಾಲದಲ್ಲಿ ಮುಳುಗಿತು. ರಾನ್ ಕೂಟ್ ಈಸ್ಟರ್ನ್ ಸಬರ್ಬ್ಸ್‌ಗೆ ಹೋದರೆ ಜಾನ್ ಓನೀಲ್ ಮತ್ತು ರೇ ಬ್ರ್ಯಾನಿಗನ್ ಮ್ಯಾನ್ಲಿ ಪಾಲಾದರು. ಸ್ವಲ್ಪ ಕಾಲದ ನಂತರ ಬಾಬ್ ಮೆಕಾರ್ಥಿ ಕ್ಯಾಂಟರ್‌ಬರಿ ಸೇರಿದರು. ಪ್ರಶಸ್ತಿ ಗೆದ್ದ ತಂಡ ಹೀಗೆ ಕೆಲವೇ ವರ್ಷಗಳಲ್ಲಿ ಬರಿದಾಯಿತು.

ಊರಿನ ಚಹರೆಯೂ ಬದಲಾಗುತ್ತಿತ್ತು. ರೆಡ್‌ಫರ್ನ್ ಸುತ್ತಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಪಕ್ಕದ ಈವ್‌ಲಿ ರೈಲ್ವೆ ಕಾರ್ಯಾಗಾರವೂ 1980ರ ದಶಕದ ಕೊನೆಗೆ ನಿಂತುಹೋಯಿತು. ಅಭಿಮಾನಿ ಕುಟುಂಬಗಳು ನಗರದ ಪಶ್ಚಿಮದ ಹೊಸ ಬಡಾವಣೆಗಳಿಗೆ ಗುಳೆ ಹೋದವು. ಬಡವರು ಮತ್ತು ಮೂಲನಿವಾಸಿ ಸಮುದಾಯದ ಜನ ಹೆಚ್ಚಾಗಿದ್ದ ಆ ಪ್ರದೇಶದಲ್ಲಿ ಪ್ರಾಯೋಜಕರನ್ನು ಹುಡುಕುವುದು ಕಷ್ಟವಾಯಿತು. ನೆರೆಯ ನ್ಯೂಟೌನ್ ಕ್ಲಬ್ಬು 1983ರಲ್ಲಿ ಹಣವಿಲ್ಲದೆ ಟೂರ್ನಿಯಿಂದ ಹೊರಬಿದ್ದದ್ದು ಸೌತ್ಸ್‌ಗೂ ಎಚ್ಚರಿಕೆಯಾಗಿತ್ತು. 1989ರಲ್ಲಿ ಲೀಗ್ ಹಂತದ ಅಗ್ರಸ್ಥಾನದಲ್ಲಿದ್ದ ತಂಡ ಮರುವರ್ಷವೇ ಕೊನೆಯ ಸ್ಥಾನಕ್ಕೆ ಕುಸಿಯಿತು. ಮುಂದೆ 2007ರವರೆಗೆ ಅದು ನಾಕೌಟ್ ಹಂತವನ್ನು ಕಾಣಲಿಲ್ಲ.

ಸೂಪರ್ ಲೀಗ್ ಕದನ

1995ರಲ್ಲಿ ರೂಪರ್ಟ್ ಮರ್ಡಾಕ್ ಒಡೆತನದ ನ್ಯೂಸ್ ಲಿಮಿಟೆಡ್ ಸಂಸ್ಥೆ ಪೇ ಟಿವಿಗಾಗಿ 'ಸೂಪರ್ ಲೀಗ್' ಎಂಬ ಪ್ರತ್ಯೇಕ ಟೂರ್ನಿ ಘೋಷಿಸಿ ಆಟಗಾರರನ್ನು ಸೆಳೆಯತೊಡಗಿತು. ಅಧಿಕೃತ ಸಂಸ್ಥೆಯಾದ ಆಸ್ಟ್ರೇಲಿಯನ್ ರಗ್ಬಿ ಲೀಗಿನ ಬೆನ್ನಿಗೆ ಮಾಧ್ಯಮ ದೊರೆ ಕೆರಿ ಪ್ಯಾಕರ್ ಮತ್ತು ಆಪ್ಟಸ್ ದೂರಸಂಪರ್ಕ ಕಂಪನಿ ನಿಂತವು. ಎರಡೂ ಕಡೆ ಹಣ ಚೆಲ್ಲಿದ್ದರಿಂದ ಆಟಗಾರರ ಸಂಭಾವನೆ ಗಗನಕ್ಕೇರಿತು. ಸೌತ್ಸ್ ಹಳೆಯ ಸಂಸ್ಥೆಗೆ ನಿಷ್ಠವಾಗಿ ಉಳಿಯಿತಾದರೂ ಆ ಸಂಬಳದ ಪೈಪೋಟಿಯನ್ನು ತಾಳುವ ಶಕ್ತಿ ಅದಕ್ಕಿರಲಿಲ್ಲ.

1997ರಲ್ಲಿ ಎರಡು ಟೂರ್ನಿಗಳು ಪ್ರತ್ಯೇಕವಾಗಿ ನಡೆದವು. ಪ್ರೇಕ್ಷಕರು ಚದುರಿದರು, ಇಬ್ಬರೂ ಕೈ ಸುಟ್ಟುಕೊಂಡರು. ಆ ವರ್ಷದ ಕೊನೆಗೆ ರಾಜಿಯಾಗಿ ನ್ಯಾಷನಲ್ ರಗ್ಬಿ ಲೀಗ್ (ಎನ್‌ಆರ್‌ಎಲ್) ಎಂಬ ಪಾಲುದಾರಿಕೆ ಹುಟ್ಟಿತು. 1998ರಲ್ಲಿ ಆಡಿದ 20 ತಂಡಗಳನ್ನು 2000ದ ಹೊತ್ತಿಗೆ 14ಕ್ಕೆ ಇಳಿಸಬೇಕೆಂಬುದು ಆ ರಾಜಿಯ ಷರತ್ತು. ಯಾರು ಉಳಿಯಬೇಕೆಂದು ತೀರ್ಮಾನಿಸಲು ಪ್ರೇಕ್ಷಕರ ಸಂಖ್ಯೆ, ಗೇಟಿನ ಹಣ, ಪ್ರಾಯೋಜಕತ್ವ, ಲಾಭ, ಪಂದ್ಯದ ಫಲಿತಾಂಶ ಮುಂತಾದ ಮಾನದಂಡಗಳು ಬಂದವು. ವಿಲೀನಕ್ಕೆ ಒಪ್ಪಿದವರಿಗೆ ಜಾಗ ಖಚಿತ. ಸೇಂಟ್ ಜಾರ್ಜ್ ತಂಡ ಇಲವಾರದ ಜೊತೆ, ಬಾಲ್ಮೇನ್ ತಂಡ ವೆಸ್ಟರ್ನ್ ಸಬರ್ಬ್ಸ್ ಜೊತೆ, ನಾರ್ತ್ ಸಿಡ್ನಿ ತಂಡ ಮ್ಯಾನ್ಲಿ ಜೊತೆ ಒಂದಾದವು. ಸೌತ್ಸ್ ಒಪ್ಪಲಿಲ್ಲ. ಹೆಸರು ಮತ್ತು ಕೆಂಪು-ಹಸಿರು ಪಟ್ಟೆಯ ಜೆರ್ಸಿ ಬಿಟ್ಟುಕೊಟ್ಟು ಬದುಕುವುದಕ್ಕೆ ಸದಸ್ಯರು ಸಿದ್ಧರಿರಲಿಲ್ಲ.

ಉಚ್ಚಾಟನೆ ಮತ್ತು ಹೋರಾಟ

1999ರ ಅಕ್ಟೋಬರ್ 15ರಂದು ಉಚ್ಚಾಟನೆ ಪ್ರಕಟವಾಯಿತು. ಅದಕ್ಕೆ ಕೆಲವು ದಿನಗಳ ಮೊದಲೇ ಸಾವಿರಾರು ಅಭಿಮಾನಿಗಳು ಸಿಡ್ನಿಯ ಬೀದಿಗಿಳಿದಿದ್ದರು. ಹೋರಾಟದ ಮುಂದಾಳು ಕ್ಲಬ್ಬಿನ ಅಧ್ಯಕ್ಷ ಜಾರ್ಜ್ ಪಿಗ್ಗಿನ್ಸ್. 1971ರ ಪ್ರಶಸ್ತಿ ವಿಜೇತ ತಂಡದಲ್ಲಿ ಆಡಿ, ಮುಂದೆ ಕೋಚ್ ಆಗಿ, 1990ರಿಂದ ಅಧ್ಯಕ್ಷಗಿರಿ ಹೊತ್ತಿದ್ದ ಅವರು ವಿಲೀನದ ಮಾತನ್ನೇ ಹತ್ತಿರ ಸೇರಿಸಲಿಲ್ಲ. ವಕೀಲ ನಿಕ್ ಪಪ್ಪಾಸ್ ಕಾನೂನಿನ ಹೊಣೆ ಹೊತ್ತರು. ದೂರದರ್ಶನದ ಆಂಡ್ರ್ಯೂ ಡೆಂಟನ್, ಕ್ರಿಕೆಟಿಗ ಮೈಕ್ ವಿಟ್ನಿ ಮುಂತಾದ ಹೆಸರಾಂತರು ಜೊತೆಗೂಡಿದರು. ನಿಧಿ ಸಂಗ್ರಹದ ಹರಾಜೊಂದರಲ್ಲಿ ನಟ ರಸೆಲ್ ಕ್ರೋ 1908ರ ಮೊದಲ ಪಂದ್ಯದಲ್ಲಿ ಬಾರಿಸಿದ್ದ ಹಿತ್ತಾಳೆ ಗಂಟೆಯನ್ನು 42,000 ಡಾಲರಿಗೆ ಕೊಂಡು ಅದನ್ನು ಕ್ಲಬ್ಬಿಗೇ ಕೊಟ್ಟರು.

2000 ಮತ್ತು 2001ರ ಎರಡು ಋತುಗಳಲ್ಲಿ ಸೌತ್ಸ್‌ಗೆ ಮೇಲ್ದರ್ಜೆಯ ಪಂದ್ಯವೇ ಇರಲಿಲ್ಲ. ಆಡುವ ತಂಡವಿಲ್ಲದಿದ್ದರೂ ಸಂಘಟನೆ ಚದುರಲಿಲ್ಲ. ಚಂದಾ, ದೇಣಿಗೆ, ಭೋಜನಕೂಟಗಳ ಹಣ ಕೋರ್ಟು ಖರ್ಚಿಗೆ ಹರಿಯಿತು. 2000ದ ನವೆಂಬರ್ 12ರಂದು ನಡೆದ ಮೆರವಣಿಗೆಯಲ್ಲಿ ಸುಮಾರು 80,000 ಜನ ಸೇರಿದ್ದರೆಂಬ ಅಂದಾಜಿದೆ. ಬೇರೆ ಕ್ಲಬ್ಬುಗಳ ಅಭಿಮಾನಿಗಳೂ ತಮ್ಮ ತಮ್ಮ ಬಣ್ಣದ ಜೆರ್ಸಿ ತೊಟ್ಟು ಅದರಲ್ಲಿ ನಡೆದರು.

ನ್ಯಾಯಾಲಯಗಳಲ್ಲಿ

ಸೌತ್ಸ್‌ನ ವಾದದ ತಿರುಳು ಇಷ್ಟು: ನ್ಯೂಸ್ ಲಿಮಿಟೆಡ್ ಮತ್ತು ಆಸ್ಟ್ರೇಲಿಯನ್ ರಗ್ಬಿ ಲೀಗ್ ಪರಸ್ಪರ ಪ್ರತಿಸ್ಪರ್ಧಿಗಳು. ಅವರಿಬ್ಬರೂ ಸೇರಿ 14 ತಂಡಗಳಿಗೆ ಮಾತ್ರ ಅವಕಾಶವೆಂದು ಒಪ್ಪಂದ ಮಾಡಿಕೊಂಡಿದ್ದು ಕೆಲವರನ್ನು ಹೊರಗಿಡುವ ಉದ್ದೇಶದ ಕರಾರು. ದೇಶದ ಆಗಿನ ವಾಣಿಜ್ಯ ಪದ್ಧತಿಗಳ ಕಾಯಿದೆ ಅದನ್ನು ನಿಷೇಧಿಸಿತ್ತು.

2000ದ ನವೆಂಬರ್‌ನಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಫಿನ್ ಈ ವಾದವನ್ನು ತಳ್ಳಿಹಾಕಿದರು. ಕ್ಲಬ್ಬು ಮೇಲ್ಮನವಿ ಸಲ್ಲಿಸಿತು. 2001ರ ಜುಲೈ 6ರಂದು ಅದೇ ಕೋರ್ಟಿನ ಪೂರ್ಣಪೀಠ 2-1ರ ಬಹುಮತದಿಂದ ಸೌತ್ಸ್ ಪರ ತೀರ್ಪಿತ್ತಿತು. ಅದರ ಬೆನ್ನಿಗೇ ಕ್ಲಬ್ಬನ್ನು 2002ರ ಟೂರ್ನಿಗೆ 15ನೆಯ ತಂಡವಾಗಿ ಸೇರಿಸಿಕೊಳ್ಳಲಾಯಿತು.

ಆದರೆ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಭಾರತದಲ್ಲಿ ಸುಪ್ರೀಂ ಕೋರ್ಟಿಗಿರುವ ಸ್ಥಾನ ಆಸ್ಟ್ರೇಲಿಯದಲ್ಲಿ ಹೈಕೋರ್ಟಿಗಿದೆ. ನ್ಯೂಸ್ ಲಿಮಿಟೆಡ್ ಅಲ್ಲಿಗೆ ಹೋಯಿತು. 2003ರ ಆಗಸ್ಟ್ 13ರಂದು ಹೈಕೋರ್ಟು 4-1ರ ಬಹುಮತದಿಂದ ಪೂರ್ಣಪೀಠದ ತೀರ್ಪನ್ನು ರದ್ದುಪಡಿಸಿತು. ಭಿನ್ನಮತ ನ್ಯಾಯಮೂರ್ತಿ ಮೈಕೆಲ್ ಕರ್ಬಿ ಅವರದು. ಕಾನೂನಿನ ದೃಷ್ಟಿಯಲ್ಲಿ ಕೊನೆಗೆ ಸೋತದ್ದು ಸೌತ್ಸ್. ಅಷ್ಟರಲ್ಲಿ ತಂಡ ಮೈದಾನಕ್ಕೆ ಮರಳಿ ಎರಡನೆಯ ಋತು ನಡೆಯುತ್ತಿತ್ತು, ಮತ್ತೆ ಹೊರಹಾಕುವ ಮಾತನ್ನು ಎನ್‌ಆರ್‌ಎಲ್ ಎತ್ತಲಿಲ್ಲ.

ಮರಳಿದ ಮೇಲಿನ ಬವಣೆ

2002ರ ಮೊದಲ ಪಂದ್ಯದಲ್ಲಿ ಹಳೆಯ ಎದುರಾಳಿ ಸಿಡ್ನಿ ರೂಸ್ಟರ್ಸ್ ಸೌತ್ಸನ್ನು 40-6ರಿಂದ ಮಣಿಸಿತು. ಶೂನ್ಯದಿಂದ ತಂಡ ಕಟ್ಟಬೇಕಿತ್ತು. ಉತ್ತಮ ಆಟಗಾರರು ಆಗಲೇ ಬೇರೆಡೆ ಕರಾರು ಮಾಡಿಕೊಂಡಿದ್ದರು. 2003, 2004 ಮತ್ತು 2006ರಲ್ಲಿ ಅದು ಪಟ್ಟಿಯ ತಳದಲ್ಲೇ ಉಳಿಯಿತು. ಹೋರಾಟದ ಕಾವಿನಲ್ಲಿ ಹರಿದ ದೇಣಿಗೆ ಪ್ರತಿವರ್ಷದ ಸಂಬಳದ ಖರ್ಚಿಗೆ ಆಧಾರವಾಗಲಾರದು ಎಂಬುದು ಬೇಗ ಗೊತ್ತಾಯಿತು. 2003ರಲ್ಲಿ ಪಿಗ್ಗಿನ್ಸ್ ಅಧ್ಯಕ್ಷಗಿರಿ ಬಿಟ್ಟರು.

2006ರ ಮತದಾನ

ಈ ಹಂತದಲ್ಲಿ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಆ ಕೋರ್ಟ್ ಜಂಟಿಯಾಗಿ ಒಂದು ಪ್ರಸ್ತಾವ ಮುಂದಿಟ್ಟರು. 30 ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಕ್ಲಬ್ಬಿನ ಶೇಕಡ 75 ಪಾಲು ತಮಗೆ, ಉಳಿದ 25 ಸದಸ್ಯರಿಗೆ. ಇದಕ್ಕೆ ಮತ ಹಾಕಿದವರಲ್ಲಿ ನಾಲ್ಕನೇ ಮೂರರಷ್ಟು ಮಂದಿಯ ಒಪ್ಪಿಗೆ ಬೇಕಿತ್ತು.

ಸದಸ್ಯರು ಇಬ್ಭಾಗವಾದರು. ವಿರೋಧದ ಮುಂಚೂಣಿಯಲ್ಲಿದ್ದವರು ಪಿಗ್ಗಿನ್ಸ್: ಜನ ಬೀದಿಗಿಳಿದು ಉಳಿಸಿಕೊಂಡ ಕ್ಲಬ್ಬನ್ನು ಇಬ್ಬರು ಸಿರಿವಂತರಿಗೆ ಒಪ್ಪಿಸುವುದು ಸಲ್ಲದು ಎಂಬುದು ಅವರ ನಿಲುವು. ಹಣವಿಲ್ಲದ ಸ್ವಾತಂತ್ರ್ಯದಿಂದ ಕೊನೆಯ ಸ್ಥಾನ ಬಿಟ್ಟು ಬೇರೇನೂ ಸಿಗದು ಎಂಬುದು ಪರವಾಗಿದ್ದವರ ವಾದ. 2006ರ ಮಾರ್ಚ್ 19ರ ಸಭೆಯಲ್ಲಿ ಪ್ರಸ್ತಾವಕ್ಕೆ ಶೇಕಡ 75.8 ಮತ ಬಿತ್ತು. ಗೆಲುವಿನ ಅಂತರ ಒಂದು ಶೇಕಡಾಂಶಕ್ಕಿಂತ ಕಡಿಮೆ. ಪಿಗ್ಗಿನ್ಸ್ ಕ್ಲಬ್ಬಿನಿಂದ ದೂರ ಸರಿದರು. ಒಂದೇ ಹೋರಾಟದಲ್ಲಿ ಜೊತೆಗಿದ್ದ ಪಪ್ಪಾಸ್ ಹೊಸ ವ್ಯವಸ್ಥೆಯಲ್ಲೂ ಕ್ಲಬ್ಬಿನ ಜೊತೆಗೇ ಉಳಿದರು.

ಹೊಸ ಆಡಳಿತ

2007ರಲ್ಲಿ ತಂಡ 18 ವರ್ಷಗಳ ನಂತರ ನಾಕೌಟ್ ಹಂತ ತಲುಪಿತು. ಮನೆಯಂಗಳದ ಪಂದ್ಯಗಳು ಅದಾಗಲೇ ಒಲಿಂಪಿಕ್ ಪಾರ್ಕಿನ ದೊಡ್ಡ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿದ್ದವು. ಲೀಗ್ಸ್ ಕ್ಲಬ್ಬಿನಿಂದ ಪೋಕರ್ ಮಷೀನ್‌ಗಳನ್ನೇ ತೆಗೆದುಹಾಕಬೇಕೆಂದು ಹೊಸ ಒಡೆಯರು ಸೂಚಿಸಿದ್ದು ಸಿಡ್ನಿಯ ಕ್ಲಬ್ ಲೋಕದಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಇಂಗ್ಲೆಂಡಿನ ಸ್ಯಾಮ್ ಬರ್ಜೆಸ್, ಮೂಲನಿವಾಸಿ ಸಮುದಾಯದ ಗ್ರೆಗ್ ಇಂಗ್ಲಿಸ್ ಅವರಂತಹ ಆಟಗಾರರು ಬಂದರು. 2012ರಲ್ಲಿ ಮೈಕೆಲ್ ಮಗ್ವಾಯರ್ ಕೋಚ್ ಆದರು.

2014ರ ಅಕ್ಟೋಬರ್ 5ರ ಫೈನಲ್‌ನಲ್ಲಿ ಸೌತ್ಸ್ ಕ್ಯಾಂಟರ್‌ಬರಿ ತಂಡವನ್ನು 30-6ರಿಂದ ಸೋಲಿಸಿತು. 43 ವರ್ಷಗಳ ನಂತರದ ಈ 21ನೆಯ ಪ್ರಶಸ್ತಿಗೆ 83,833 ಪ್ರೇಕ್ಷಕರು ಸಾಕ್ಷಿಯಾದರು. ಆರಂಭದಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡ ಬರ್ಜೆಸ್ ಕೊನೆಯವರೆಗೂ ಆಡಿ ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡಾಗ ಹಳಬರಿಗೆ ಸ್ಯಾಟ್ಲರ್ ನೆನಪಾದರು.

ಅದೇ ವರ್ಷ ಹೋಮ್ಸ್ ಆ ಕೋರ್ಟ್ ಅವರ ಪಾಲನ್ನು ಕೆರಿ ಪ್ಯಾಕರ್ ಅವರ ಮಗ ಜೇಮ್ಸ್ ಪ್ಯಾಕರ್ ಕೊಂಡರು. 2020ರಲ್ಲಿ ತಂತ್ರಾಂಶ ಉದ್ಯಮಿ ಮೈಕ್ ಕ್ಯಾನನ್-ಬ್ರೂಕ್ಸ್ ಮೂರನೆಯ ಖಾಸಗಿ ಪಾಲುದಾರರಾಗಿ ಸೇರಿದರು.

ಹೋಲಿಕೆ ಮತ್ತು ಮೌಲ್ಯಮಾಪನ

ಸೌತ್ಸ್‌ನ ಹಾದಿ ಎಲ್ಲರಿಗೂ ಒಳಿತು ಮಾಡೀತೆನ್ನಲಾಗದು. 1997 ಮತ್ತು 2001ರ ಪ್ರಶಸ್ತಿ ವಿಜೇತ ನ್ಯೂಕಾಸಲ್ ನೈಟ್ಸ್ ಕ್ಲಬ್ಬಿನ ಸದಸ್ಯರು 2011ರಲ್ಲಿ ಶೇಕಡ 97ರಷ್ಟು ಮತದಿಂದ ಗಣಿ ಉದ್ಯಮಿ ನೇಥನ್ ಟಿಂಕ್ಲರ್‌ಗೆ ಒಡೆತನ ವಹಿಸಿದರು. ಕಲ್ಲಿದ್ದಲಿನ ಬೆಲೆ ಬಿದ್ದು ಅವರ ಉದ್ಯಮ ಕುಸಿದಾಗ 2014ರಲ್ಲಿ ಎನ್‌ಆರ್‌ಎಲ್ ಸಂಸ್ಥೆಯೇ ಆ ಕ್ಲಬ್ಬನ್ನು ನಡೆಸಬೇಕಾಯಿತು. 2017ರಲ್ಲಿ ಅದು ಸ್ಥಳೀಯ ವೆಸ್ಟ್ಸ್ ಗ್ರೂಪ್ ಪಾಲಾಯಿತು. ಹೆಚ್ಚೂಕಡಿಮೆ ಒಮ್ಮತದಿಂದ ಮಾರಿದವರು ಮುಗ್ಗರಿಸಿದರು. ಕಿತ್ತಾಡಿ, ಕೂದಲೆಳೆಯ ಅಂತರದಲ್ಲಿ ಮಾರಿದವರು ಗೆದ್ದರು.

ಸದಸ್ಯರ ಒಡೆತನ ಸೌತ್ಸನ್ನು ಸಿರಿವಂತವನ್ನಾಗಿ ಮಾಡಲಿಲ್ಲ. ಆದರೆ ಲೆಕ್ಕಪತ್ರದ ಪ್ರಕಾರ ಮುಗಿದುಹೋಗಿದ್ದ ಕ್ಲಬ್ಬನ್ನು ಅದು ಬದುಕಿಸಿತು: 1999ರಲ್ಲಿ ಒಬ್ಬನೇ ಮಾಲೀಕನಿದ್ದಿದ್ದರೆ ವಿಲೀನದ ಹಣ ಪಡೆದು ಸುಮ್ಮನಾಗುವುದೇ ಅವನಿಗೆ ಲಾಭವಾಗುತ್ತಿತ್ತು. 2014ರ ಪ್ರಶಸ್ತಿಗೆ ಖಾಸಗಿ ಬಂಡವಾಳ ಎಷ್ಟು ಕಾರಣವೋ, ಆ ಬಂಡವಾಳ ಬರುವವರೆಗೆ ಕ್ಲಬ್ಬನ್ನು ಹಿಡಿದು ನಿಲ್ಲಿಸಿದ ಸದಸ್ಯರೂ ಅಷ್ಟೇ ಕಾರಣ. 2020ರ ಹಂಚಿಕೆಯ ಪ್ರಕಾರ ಕ್ರೋ, ಪ್ಯಾಕರ್, ಕ್ಯಾನನ್-ಬ್ರೂಕ್ಸ್ ತಲಾ ಕಾಲು ಪಾಲಿನ ಒಡೆಯರು. ಉಳಿದ ಕಾಲು ಪಾಲು ಸದಸ್ಯರದು.