ಮೊದಲ ಟರ್ನ್‌ಗಳ ಲೆಕ್ಕ: ಸಿವಿಲೈಸೇಶನ್ ಆಟದಲ್ಲಿ ತಂಡದ ಯೋಜನೆ ಬೆಳೆದ ಬಗೆ

ಕ್ರಿ.ಪೂ. 4000. ನಕಾಶೆಯ ಬಹುಪಾಲು ಕತ್ತಲು. ಕೈಯಲ್ಲಿರುವುದು ನಗರ ಕಟ್ಟಬಲ್ಲ ಒಬ್ಬ ಸೆಟ್ಲರ್, ಜೊತೆಗೊಬ್ಬ ವಾರಿಯರ್. ಒಬ್ಬರೇ ಕುಳಿತು ಆಡುವವರು ನಿಂತಲ್ಲೇ ರಾಜಧಾನಿ ಕಟ್ಟಿ ಮುಂದೆ ಹೋಗುತ್ತಾರೆ. ಒಂದು ರಾಷ್ಟ್ರವನ್ನು ಹತ್ತಾರು ಮಂದಿ ಸೇರಿ ನಡೆಸುವ ತಂಡದ ಆಟದಲ್ಲಿ ಮಾತ್ರ ಇದೇ ಕ್ಷಣಕ್ಕೆ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಇಲ್ಲೇ ಕಟ್ಟಬೇಕೇ, ಒಂದು ಚೌಕ ಸರಿಯಬೇಕೇ? ಮೊದಲು ನೆಲ ಸುಧಾರಿಸುವ ವರ್ಕರ್ ಬೇಕೇ, ಕಾವಲಿಗೆ ಇನ್ನೊಬ್ಬ ವಾರಿಯರ್ ಬೇಕೇ? ಈ ಚರ್ಚೆ ಎರಡು ದಶಕಗಳಲ್ಲಿ ಒಂದು ವಿದ್ಯೆಯಾಗಿಯೇ ಬೆಳೆದಿದೆ.

ಈ ಹೆಸರು ಮೊದಲು ಇದ್ದದ್ದು ಮೇಜಿನ ಸುತ್ತ ಕುಳಿತು ಆಡುವ ಆಟಕ್ಕೆ. ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಮ್ 1980ರಲ್ಲಿ ಹೊರತಂದ 'ಸಿವಿಲೈಸೇಶನ್' ಬೋರ್ಡ್ ಆಟಕ್ಕೆ ಹಲವರು ಬೇಕಿತ್ತು. ಸರಕಿನ ಚೌಕಾಸಿಯೇ ಅದರ ಜೀವ. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಮೈಕ್ರೋಪ್ರೋಸ್ ಕಂಪನಿಗಾಗಿ ಅದೇ ಹೆಸರಿನ ಕಂಪ್ಯೂಟರ್ ಆಟ ಕಟ್ಟಿದಾಗ ಅದು ಒಂಟಿ ಆಟಗಾರನ ಆಟವಾಯಿತು. ಅಂದಿನ ಆರಂಭದ ಸೂತ್ರ ಸರಳ: ಎಷ್ಟು ಸಾಧ್ಯವೋ ಅಷ್ಟು ನಗರಗಳನ್ನು ಒತ್ತೊತ್ತಾಗಿ ಕಟ್ಟುವುದು. ನಗರದ ನಡುಚೌಕ ಯಾರೂ ದುಡಿಯದೆಯೇ ಫಲ ಕೊಡುತ್ತಿದ್ದುದರಿಂದ ಚಿಕ್ಕ ನಗರವೂ ಲಾಭದ್ದೇ. ಸೂತ್ರ ಇಷ್ಟು ಸುಲಭವಾಗಿದ್ದಾಗ ಕೂತು ಯೋಚಿಸಲು ತಂಡವೇಕೆ?

ಜನ ಜನರ ಎದುರು ಆಡುವ ದಾರಿ ನಿಧಾನವಾಗಿ ತೆರೆಯಿತು. 1995ರಲ್ಲಿ ಸಿವ್‌ನೆಟ್ ಬಂತು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಬರೆದ ಮುಕ್ತ ತಂತ್ರಾಂಶ ಫ್ರೀಸಿವ್ 1996ರಲ್ಲಿ ಹೊರಬಿತ್ತು. ಅದೇ ವರ್ಷ ಬಂದ ಸಿವಿಲೈಸೇಶನ್ 2ಕ್ಕೆ, ಅಂದರೆ ಆಟಗಾರರ ಮಾತಿನ ಸಿವ್ 2ಕ್ಕೆ, ಬಹು ಆಟಗಾರರ ಆವೃತ್ತಿ ಸಿಕ್ಕಿದ್ದು 1998ರಲ್ಲಿ. ಆದರೂ ಪ್ರತಿಯೊಬ್ಬರದೂ ಒಂದೊಂದು ರಾಷ್ಟ್ರ, ಯೋಜನೆ ಅವರವರ ತಲೆಯೊಳಗೆ.

ತಿರುವು ಬಂದದ್ದು ಸಿವ್ 3ರಲ್ಲಿ. 2001ರಲ್ಲಿ ಬಿಡುಗಡೆಯಾದಾಗ ಅದರಲ್ಲಿ ಬಹು ಆಟಗಾರರ ಸೌಲಭ್ಯವೇ ಇರಲಿಲ್ಲ. ಕೂಡಿ ಆಡಬೇಕೆಂಬ ಆಸೆಯಿದ್ದವರು ಒಂದೇ ರಾಷ್ಟ್ರವನ್ನು ಗುಂಪಾಗಿ ಆಳತೊಡಗಿದರು. ಮತದಾನ ನಡೆಸಿ ಅಧ್ಯಕ್ಷ, ಮಂತ್ರಿಗಳನ್ನು ಆರಿಸುವುದು, ತೀರ್ಮಾನಗಳಿಗೆ ತಕ್ಕಂತೆ ಒಬ್ಬರು ಟರ್ನ್ ಆಡಿ ಉಳಿದವರಿಗೆ ವರದಿ ಒಪ್ಪಿಸುವುದು: ಇದಕ್ಕೆ ಪ್ರಜಾಪ್ರಭುತ್ವ ಆಟ ಎಂದೇ ಹೆಸರಾಯಿತು. 2002ರ 'ಪ್ಲೇ ದ ವರ್ಲ್ಡ್', 2003ರ 'ಕಾಂಕ್ವೆಸ್ಟ್ಸ್' ವಿಸ್ತರಣೆಗಳ ಬಳಿಕ ಇಂಥ ಗುಂಪುಗಳೇ ಪರಸ್ಪರ ಎದುರಾದವು. ಎದುರಿಗೆ ಯಂತ್ರದ ಬದಲು ಇನ್ನೊಂದು ಚರ್ಚಾಕೂಟ ಇದೆ ಎಂದಾದ ಮೇಲೆ ಒಂದು ಟರ್ನ್ ಪೋಲಾಗುವುದೂ ದುಬಾರಿಯಾಯಿತು.

ಆ ಕಾಲದ ಹೆಸರಾಂತ ಲೆಕ್ಕ 'ಸೆಟ್ಲರ್ ಫ್ಯಾಕ್ಟರಿ'ಯದು. ಸಿವ್ 3ರಲ್ಲಿ ಒಬ್ಬ ಸೆಟ್ಲರ್‌ಗೆ 30 ಉತ್ಪಾದನೆಯ ಜೊತೆ ನಗರದ 2 ಜನಸಂಖ್ಯೆಯೂ ಖರ್ಚು. ಚಿಕ್ಕ ನಗರ ಒಂದು ಹೆಜ್ಜೆ ಬೆಳೆಯಲು 20 ಆಹಾರ ಬೇಕು. ಕಣಜ ಕಟ್ಟಿದ್ದರೆ ಅದರಲ್ಲಿ ಅರ್ಧ ಉಳಿದುಕೊಳ್ಳುತ್ತದೆ. ಟರ್ನ್‌ಗೆ 5 ಆಹಾರ ಮಿಗುವ ನಗರ ಎರಡು ಟರ್ನ್‌ಗೊಮ್ಮೆ ಬೆಳೆಯುತ್ತದೆ. ಹೀಗೆ 2 ಜನಸಂಖ್ಯೆ ಸೇರುವ ನಾಲ್ಕು ಟರ್ನ್‌ಗಳಲ್ಲೇ 30 ಉತ್ಪಾದನೆಯೂ ಕೂಡಿಬಂದರೆ ನಾಲ್ಕು ಟರ್ನ್‌ಗೊಬ್ಬ ಸೆಟ್ಲರ್. ಯಾವ ಟರ್ನ್‌ನಲ್ಲಿ ಯಾವ ಚೌಕ ದುಡಿಸಬೇಕೆಂದು ಕೋಷ್ಟಕ ಬರೆಯುವ ಅಭ್ಯಾಸ ಗಟ್ಟಿಯಾದದ್ದು ಇಂಥ ಲೆಕ್ಕಗಳಿಂದ.

ಈ ವಿದ್ಯೆ ಪೂರ್ತಿ ಅರಳಿದ್ದು 2005ರ ಸಿವ್ 4ರಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೋರೆನ್ ಜಾನ್ಸನ್ ನೇತೃತ್ವದಲ್ಲಿ ರೂಪುಗೊಂಡ ಈ ಆಟ ಬಹು ಆಟಗಾರರನ್ನು ಮೊದಲಿನಿಂದಲೇ ಮನಸ್ಸಿನಲ್ಲಿಟ್ಟುಕೊಂಡಿತ್ತು. ಅದರ ಪಿಟ್‌ಬಾಸ್ ವ್ಯವಸ್ಥೆಯಲ್ಲಿ ಆಟ ಒಂದು ಸರ್ವರ್‌ನಲ್ಲಿ ಸದಾ ತೆರೆದಿರುತ್ತದೆ. ಗೊತ್ತುಪಡಿಸಿದ ಗಡುವಿನೊಳಗೆ ಬಂದು ಟರ್ನ್ ಆಡಿದರಾಯಿತು. ದಿನಕ್ಕೊಂದು ಟರ್ನ್ ಎಂದಾದಾಗ ಯೋಚನೆಗೆ ಪುರುಸೊತ್ತು ಸಿಕ್ಕಿತು. ಹೊಸ ನಗರಗಳಿಗೆ ನಿರ್ವಹಣಾ ವೆಚ್ಚ ಬಿದ್ದದ್ದರಿಂದ ಒತ್ತೊತ್ತಾಗಿ ಕಟ್ಟುವ ಹಳೆಯ ಸೂತ್ರವೂ ಕೆಲಸಕ್ಕೆ ಬಾರದಾಯಿತು.

ಇಲ್ಲಿನ ಮೊದಲ ಟರ್ನ್‌ನ ಲೆಕ್ಕವನ್ನೇ ನೋಡಿ. ಸಾಮಾನ್ಯ ವೇಗದ ಆಟದಲ್ಲಿ ವರ್ಕರ್‌ಗೆ 60 ಉತ್ಪಾದನೆ, ಸೆಟ್ಲರ್‌ಗೆ 100. ಇವರು ತಯಾರಾಗುವಷ್ಟು ಕಾಲ ನಗರ ಬೆಳೆಯುವುದಿಲ್ಲ. ಉಂಡು ಮಿಕ್ಕ ಆಹಾರವೂ ಆ ಕೆಲಸಕ್ಕೇ ಸೇರುತ್ತದೆ. ನಡುಚೌಕ 2 ಆಹಾರ, 1 ಉತ್ಪಾದನೆ ಕೊಡುತ್ತದೆ. ಕಾಡಿರುವ ಒಣಬಯಲಿನ ಚೌಕದಲ್ಲಿ ಒಬ್ಬ ಪ್ರಜೆ ದುಡಿದರೆ 1 ಆಹಾರ, 2 ಉತ್ಪಾದನೆ. ಅವನ ಊಟಕ್ಕೆ 2 ಕಳೆದರೆ ಉಳಿಯುವುದು 4. ವರ್ಕರ್ ಸಿದ್ಧವಾಗಲು 15 ಟರ್ನ್. ಅದೇ ನಗರವನ್ನು ಒಣಬಯಲಿನ ಗುಡ್ಡದ ಮೇಲೆ ಕಟ್ಟಿದರೆ ನಡುಚೌಕಕ್ಕೆ ಇನ್ನೊಂದು ಉತ್ಪಾದನೆ ದಕ್ಕುತ್ತದೆ. 12 ಟರ್ನ್ ಸಾಕು. ಗುಡ್ಡಕ್ಕೆ ಹೋಗಲು ಒಂದು ಟರ್ನ್ ಕಳೆದುಕೊಂಡರೂ ವರ್ಕರ್ ಎರಡು ಟರ್ನ್ ಮೊದಲೇ ಕೈಗೆ ಬರುತ್ತಾನೆ. ಬಿತ್ತನೆಯ ಕಾಳನ್ನು ಎತ್ತಿಡುವ ರೈತನಂತೆ ಇಲ್ಲಿ ಇವತ್ತಿನ ಹೊಟ್ಟೆ ಕಟ್ಟಿ ನಾಳೆಗೆ ಹಾಕುವುದೇ ಸರಿ ಎಂದು ಬಹುತೇಕ ತಂಡಗಳು ಒಪ್ಪಿದವು.

ಆದರೆ ವರ್ಕರ್ ಬಂದಾಗ ಮಾಡಲು ಕೆಲಸವಿರಬೇಕು. ಜೋಳದ ಚೌಕವಿದ್ದರೆ ಅಷ್ಟರಲ್ಲಿ ಕೃಷಿ ವಿದ್ಯೆ ಕಲಿತಿರಬೇಕು, ದನವಿದ್ದರೆ ಪಶುಪಾಲನೆ. ಇಲ್ಲದಿದ್ದರೆ ಅವನು ಸುಮ್ಮನೆ ನಿಂತಿರುತ್ತಾನೆ. ಕರಾವಳಿಯಲ್ಲಿ ಮೀನಿದ್ದರೆ ಲೆಕ್ಕವೇ ಬೇರೆ: ಕೆಲಸದ ದೋಣಿಗೆ 30 ಉತ್ಪಾದನೆ ಸಾಕು, ಅದು ತಯಾರಾಗುವಾಗ ನಗರವೂ ಬೆಳೆಯುತ್ತದೆ. ಕಂಚಿನ ವಿದ್ಯೆ ಕೈಗೆ ಬಂದರೆ ಕಾಡು ಕಡಿದು ಚೌಕಕ್ಕೆ 20 ಉತ್ಪಾದನೆ ಪಡೆಯಬಹುದು. ಗುಲಾಮಗಿರಿ ಪದ್ಧತಿಗೆ ಬದಲಾದರೆ ಒಂದು ತಲೆ ಬಲಿಕೊಟ್ಟು 30 ಪಡೆಯಬಹುದು. ಭೂಮಿ, ಕಲಿಕೆ, ತಯಾರಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುವುದೇ ತಂಡದ ದೊಡ್ಡ ಲಾಭ.

ಎರಡು ಹೊಸ ಪರಿಪಾಠಗಳು ಇದೇ ಕಾಲದವು. ಒಂದು, ಮಾದರಿ ನಕಾಶೆ. ಆಟದ ಜೊತೆಗೇ ಬರುವ ವರ್ಲ್ಡ್‌ಬಿಲ್ಡರ್ ಬಳಸಿ, ತಮಗೆ ಕಂಡಷ್ಟು ನೆಲವನ್ನು ಹಾಗೇ ನಕಲು ಮಾಡಿ, ಬೇರೆ ಬೇರೆ ಸದಸ್ಯರು ತಮ್ಮ ತಮ್ಮ ಯೋಜನೆಯನ್ನು ಅದರಲ್ಲಿ ಆಡಿ ನೋಡುವುದು. ವಾದ ಬಾಯಿಮಾತಲ್ಲಿ ನಿಲ್ಲದೆ ಪರೀಕ್ಷೆಗೆ ಇಳಿಯಿತು. ಇನ್ನೊಂದು, ಎದುರಾಳಿಗಳ ಅಂಕಿಗಳನ್ನು ದಿನವೂ ಗುರುತು ಹಾಕಿಕೊಳ್ಳುವುದು. ಆಟದ ಅಂಕಿಅಂಶ ಪುಟದಲ್ಲಿ ಎದುರಾಳಿಗಳ ಗರಿಷ್ಠ, ಕನಿಷ್ಠ, ಸರಾಸರಿ ಮಾತ್ರ ಕಾಣುತ್ತದೆ. ಅದನ್ನು ಪ್ರತಿಯೊಬ್ಬರ ಸ್ಕೋರ್ ಜೊತೆ ಹೊಂದಿಸಿದರೆ ಯಾರ ನಗರ ಎಂದು ಬೆಳೆಯಿತು, ಯಾರು ಹೊಸ ವಿದ್ಯೆ ಕಲಿತರು, ಯಾರ ಸೇನಾಬಲ ಏರಿತು ಎಂಬುದನ್ನು ಊಹಿಸಬಹುದು. ಗಡಿ ವಿಸ್ತರಿಸಿದ ನೆಲ ಸ್ಕೋರ್‌ಗೆ ಸೇರುವುದು 20 ಟರ್ನ್ ಕಳೆದ ಮೇಲೆ ಎಂಬಂಥ ನಿಯಮಗಳನ್ನು ಬಲ್ಲ ಒಬ್ಬ ತಾಳ್ಮೆಯ ಸದಸ್ಯ, ಕತ್ತಲಿನಾಚೆಯ ನೆರೆಯವರನ್ನು ಭೇಟಿಯಾಗುವ ಮೊದಲೇ ಅವರ ಚಲನವಲನ ಹೇಳಬಲ್ಲ. ತಂಡದಲ್ಲಿ ಅತಿ ಕಡಿಮೆ ಹೊಗಳಿಕೆ ಸಿಗುವ ಈ ಕೆಲಸವೇ ನನ್ನ ಮಟ್ಟಿಗೆ ಅತಿ ಬೆಲೆಯುಳ್ಳದ್ದು.

ಯೋಜನೆಗೆ ಮಿತಿಯೂ ಇದೆ. ತಾಮ್ರ ಎಲ್ಲಿದೆ ಎಂಬುದು ಕಂಚಿನ ವಿದ್ಯೆ ಕಲಿಯುವವರೆಗೆ ಕಾಣುವುದಿಲ್ಲ. ಐವತ್ತು ಟರ್ನ್‌ಗಳ ಕೋಷ್ಟಕ ಎಷ್ಟೇ ಅಂದವಾಗಿದ್ದರೂ ಒಂದು ಕರಡಿಯ ದಾಳಿಗೆ ವರ್ಕರ್ ಸತ್ತರೆ ಅದು ಮುಗಿಯಿತು. ಮೊದಲ ಹದಿನೈದಿಪ್ಪತ್ತು ಟರ್ನ್ ಕರಾರುವಾಕ್ಕಾಗಿ ಬರೆದು, ಮುಂದಿನದನ್ನು 'ಹೀಗಾದರೆ ಹೀಗೆ' ಎಂದು ತೆರೆದಿಡುವ ತಂಡಗಳೇ ಚೆನ್ನಾಗಿ ಆಡುತ್ತವೆ. ಇನ್ನೊಂದು ಅಪಾಯ ಮನುಷ್ಯರದ್ದು. ಲೆಕ್ಕ ಸೂಕ್ಷ್ಮವಾದಷ್ಟೂ ಮಾತಾಡುವವರು ಕಡಿಮೆಯಾಗುತ್ತಾರೆ. ಇಪ್ಪತ್ತು ಜನರ ತಂಡ ಇಬ್ಬರು ಮೂವರ ಕೈಗೆ ಸೇರಿಬಿಡುತ್ತದೆ. ಉಳಿದವರು ಮೆಲ್ಲಗೆ ಬರುವುದನ್ನೇ ಬಿಡುತ್ತಾರೆ. ಇದನ್ನು ನೆನೆದರೆ ಬೇಸರವಾಗುತ್ತದೆ, ಏಕೆಂದರೆ ತಂಡದ ಆಟ ಹುಟ್ಟಿದ್ದೇ ಎಲ್ಲರೂ ಸೇರಿ ಆಳಬೇಕೆಂಬ ಆಸೆಯಿಂದ.

2010ರ ಸಿವ್ 5 ಚೌಕಗಳ ಬದಲು ಷಡ್ಭುಜ ತಂದು, ಒಂದು ಮನೆಗೆ ಒಂದೇ ಸೇನಾ ತುಕಡಿ ಎಂದಿತು. 2016ರ ಸಿವ್ 6ರಲ್ಲಿ ಯುರೇಕಾಗಳು ಬಂದವು: ಕವಣೆಗಾರನಿಂದ ಶತ್ರುವೊಬ್ಬನನ್ನು ಕೊಂದರೆ ಬಿಲ್ಲುವಿದ್ಯೆಯ ಅರ್ಧ ಕಲಿಕೆ ಪುಕ್ಕಟೆ. 2018ರ ವಿಸ್ತರಣೆಯಲ್ಲಿ ಆ ಲಾಭ ಶೇ. 40ಕ್ಕೆ ಇಳಿಯಿತು. ಇದರಿಂದ ಆರಂಭದ ಯೋಜನೆ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿಯಂತಾಯಿತು, ವಾದಕ್ಕೆ ಜಾಗ ಕುಗ್ಗಿತು ಎಂದು ನನಗನ್ನಿಸುತ್ತದೆ. ಸಂಶೋಧಕರೂ ಈ ಕಡೆ ತಿರುಗಿದ್ದಾರೆ. 2011ರಲ್ಲಿ ಎಂಐಟಿಯ ರೆಜಿನಾ ಬಾರ್ಜಿಲೇ, ಬ್ರಾನವನ್ ಮತ್ತು ಲಂಡನ್ನಿನ ಡೇವಿಡ್ ಸಿಲ್ವರ್ ಆಟದ ಕೈಪಿಡಿಯನ್ನು ಓದಿಕೊಂಡು ಫ್ರೀಸಿವ್ ಆಡುವ ಗಣಕ ವ್ಯವಸ್ಥೆ ಕಟ್ಟಿದರು. ಓದದೆ ಆಡಿದ್ದಕ್ಕಿಂತ ಅದರ ಗೆಲುವು 27 ಶೇಕಡಾಂಶ ಹೆಚ್ಚಿ, ಶೇ. 78ನ್ನು ದಾಟಿತು.

2025ರ ಫೆಬ್ರವರಿಯಲ್ಲಿ ಬಂದ ಸಿವ್ 7ರಲ್ಲಿ ವರ್ಕರ್ ಎಂಬುವನೇ ಇಲ್ಲ. ಊರು ಬೆಳೆದಂತೆ ನೆಲ ತಾನೇ ಸುಧಾರಿಸುತ್ತದೆ. ಎರಡು ದಶಕ ತಂಡಗಳನ್ನು ಜಗಳಕ್ಕೆ ಹಚ್ಚಿದ ಮೊದಲ ಪ್ರಶ್ನೆ ಅಲ್ಲಿಗೆ ಅಳಿಸಿಹೋಗಿದೆ. ಈ ವಿದ್ಯೆಯ ರುಚಿ ನೋಡಬೇಕೆನ್ನುವವರು ಸಿವ್ 4ನ್ನೇ ಹುಡುಕಿಕೊಳ್ಳಲಿ, ಅಥವಾ ದುಡ್ಡು ಕೊಡದೆ ಸಿಗುವ ಫ್ರೀಸಿವ್ ಹಾಕಿಕೊಳ್ಳಲಿ. ನಾಲ್ಕು ಜನ ಸೇರಿ ಒಂದೇ ರಾಷ್ಟ್ರ ಆಡಿ, ಮೊದಲ ಇಪ್ಪತ್ತು ಟರ್ನ್‌ಗಳ ಯೋಜನೆಯನ್ನು ಬರೆದಿಡಿ, ಪ್ರತಿ ತೀರ್ಮಾನದ ಪಕ್ಕದಲ್ಲಿ ಅದಕ್ಕೆ ಕೊಟ್ಟ ಕಾರಣವನ್ನೂ ಬರೆಯಿರಿ.