ಮೂಗಿನ ಪಾಲಿಪ್: ರಕ್ಷಣಾ ಕೋಶಗಳು ಮತ್ತು ಸ್ಟೀರಾಯ್ಡ್ ಚಿಕಿತ್ಸೆಯ ಇತಿಹಾಸ

ಮೂಗು ಮತ್ತು ಸೈನಸ್‌ಗಳ ಒಳಪೊರೆ ಬಹುಕಾಲ ಉರಿಯೂತಕ್ಕೆ ಒಳಗಾಗಿ, ಊದಿ ಜೋತುಬಿದ್ದಾಗ ಪಾಲಿಪ್ ಉಂಟಾಗುತ್ತದೆ. ಆಡುಮಾತಿನಲ್ಲಿ ಇದು ಮೂಗಿನ ದುರ್ಮಾಂಸ. ಸಿಪ್ಪೆ ಸುಲಿದ ದ್ರಾಕ್ಷಿಯಂತೆ ನುಣುಪಾಗಿ, ಮಂಕು ಬಣ್ಣದಲ್ಲಿರುವ ಈ ಬೆಳವಣಿಗೆ ಸಾಮಾನ್ಯವಾಗಿ ಎರಡೂ ಹೊಳ್ಳೆಗಳಲ್ಲಿ ಕಾಣುತ್ತದೆ. ಇದು ಕ್ಯಾನ್ಸರ್ ಅಲ್ಲ. ಮೂಗು ಕಟ್ಟುವುದು ಮತ್ತು ವಾಸನೆ ತಿಳಿಯದಿರುವುದು ಮುಖ್ಯ ಲಕ್ಷಣಗಳು.

ಪ್ರಾಚೀನ ಚಿಕಿತ್ಸೆ: ಸುಶ್ರುತ ಸಂಹಿತೆ ಇಂಥ ಬೆಳವಣಿಗೆಯನ್ನು ನಾಸಾರ್ಶವೆಂದು ವಿವರಿಸುತ್ತದೆ. ಗ್ರೀಸಿನ ಹಿಪೊಕ್ರೆಟಿಸ್ ಪರಂಪರೆಯ ವೈದ್ಯರು ದಾರಕ್ಕೆ ಸ್ಪಂಜು ಕಟ್ಟಿ, ದಾರವನ್ನು ಮೂಗಿನಿಂದ ಬಾಯಿಗೆ ಇಳಿಸಿ ಎಳೆದು ಪಾಲಿಪನ್ನು ಕೀಳುತ್ತಿದ್ದರು. ಮುಂದೆ ತಂತಿಯ ಕುಣಿಕೆ ಬಳಕೆಗೆ ಬಂತು. ಸಾಧನ ಬದಲಾದರೂ ಕಿತ್ತದ್ದು ಮತ್ತೆ ಬೆಳೆಯುವುದು ತಪ್ಪಲಿಲ್ಲ.

ಕೋಶಗಳ ಪರಿಚಯ: 1879ರಲ್ಲಿ ಜರ್ಮನಿಯ ಪೌಲ್ ಎರ್ಲಿಖ್, ಇಯೊಸಿನ್ ಬಣ್ಣವನ್ನು ಹೀರಿಕೊಂಡು ಕೆಂಪಾಗುವ ಬಿಳಿ ರಕ್ತಕಣವನ್ನು ಗುರುತಿಸಿ ಇಯೊಸಿನೊಫಿಲ್ ಎಂದು ಹೆಸರಿಟ್ಟರು. ಪಾಶ್ಚಾತ್ಯ ದೇಶಗಳ ಬಹುಪಾಲು ರೋಗಿಗಳ ಪಾಲಿಪ್‌ಗಳಲ್ಲಿ ಈ ಕೋಶಗಳೇ ಕಿಕ್ಕಿರಿದಿರುತ್ತವೆ. ಅವು ಸತ್ತಾಗ ಉಳಿಯುವ ಸೂಜಿಯಾಕಾರದ ಶಾರ್ಕೊ-ಲೈಡನ್ ಹರಳುಗಳು ಮೂಗಿನ ಅಂಟು ಲೋಳೆಯಲ್ಲಿ ಸಿಗುತ್ತವೆ. 1922ರಲ್ಲಿ ಫ್ರಾನ್ಸಿನ ಫೆರ್ನಾಂ ವಿಡಾಲ್ ಮತ್ತು ಸಂಗಡಿಗರು ಪಾಲಿಪ್, ಆಸ್ತಮಾ, ಆಸ್ಪಿರಿನ್ ಒಗ್ಗದಿರುವಿಕೆ ಮೂರೂ ಒಬ್ಬರಲ್ಲೇ ಕೂಡಿ ಬರುವುದನ್ನು ವರದಿ ಮಾಡಿದರು. ತೊಂದರೆ ಮೂಗಿನದಷ್ಟೇ ಅಲ್ಲವೆಂಬುದಕ್ಕೆ ಇದು ಸುಳಿವಾಯಿತು.

ಸ್ಟೀರಾಯ್ಡ್ ಯುಗ: 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಮೊದಲು ಸಂಧಿವಾತದ ರೋಗಿಗೆ ಕೊಡಲಾಯಿತು. ಇದಕ್ಕೆ ಸಂಬಂಧಿಸಿದ ಸಂಶೋಧನೆಗಾಗಿ ಅಲ್ಲಿನ ಕೆಂಡಾಲ್, ಹೆಂಚ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ 1950ರ ನೊಬೆಲ್ ಪ್ರಶಸ್ತಿ ಪಡೆದರು. ಈ ವರ್ಗದ ಮಾತ್ರೆಗಳಿಂದ ಪಾಲಿಪ್ ಕುಗ್ಗುತ್ತದೆ, ಕೆಲವರಿಗೆ ವಾಸನೆಯೂ ಮರಳುತ್ತದೆ. ಆದರೆ ಮಾತ್ರೆ ಮುಂದುವರಿದರೆ ಸಕ್ಕರೆಯ ಮಟ್ಟ ಏರುವುದು, ಮೂಳೆ ಸವೆಯುವುದು ಮುಂತಾದ ಅಪಾಯಗಳಿವೆ. 1970ರ ದಶಕದಲ್ಲಿ ಬಂದ ಬೆಕ್ಲೊಮೆಥಸೋನ್ ಸ್ಪ್ರೇ ಔಷಧವನ್ನು ಮೂಗಿಗೇ ತಲುಪಿಸಿ ಈ ಅಪಾಯವನ್ನು ಬಹಳಷ್ಟು ತಗ್ಗಿಸಿತು. ಸ್ಪ್ರೇ ಮಾಡುವಾಗ ತುದಿಯನ್ನು ಮೂಗಿನ ನಡುಗೋಡೆಯತ್ತ ತಿರುಗಿಸದೆ ಹೊರಬದಿಗೆ ವಾಲಿಸಬೇಕು. ಇಲ್ಲವಾದರೆ ರಕ್ತ ಒಸರಬಹುದು.

ಸ್ಟೀರಾಯ್ಡ್ ಕೋಶದೊಳಗಿನ ಗ್ರಾಹಕಕ್ಕೆ ಅಂಟಿ, ಕೋಶಕೇಂದ್ರವನ್ನು ಸೇರಿ, ಉರಿಯೂತ ಕೆರಳಿಸುವ ಜೀನ್‌ಗಳನ್ನು ಅಡಗಿಸುತ್ತದೆ. ಇಯೊಸಿನೊಫಿಲ್‌ಗಳ ಆಯುಸ್ಸನ್ನು ಹೆಚ್ಚಿಸುವ ಸಂಕೇತ ಪ್ರೋಟೀನಾದ ಇಂಟರ್‌ಲ್ಯೂಕಿನ್-5 ಕಡಿಮೆಯಾಗಿ ಅವು ಬೇಗ ಸಾಯುತ್ತವೆ. ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ನ್ಯೂಟ್ರೊಫಿಲ್ ಹಾಗಲ್ಲ. ಸ್ಟೀರಾಯ್ಡ್ ಅದರ ಸಾವನ್ನು ಮುಂದೂಡುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ಮತ್ತು ಪೂರ್ವ ಏಷ್ಯಾದ ಹಲವರಲ್ಲಿ ಕಾಣುವ ನ್ಯೂಟ್ರೊಫಿಲ್ ಪ್ರಧಾನ ಪಾಲಿಪ್‌ಗಳು ಸ್ಟೀರಾಯ್ಡ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಒಂದೇ ಔಷಧ ಒಬ್ಬರಿಗೆ ಹಿಡಿದು ಇನ್ನೊಬ್ಬರಿಗೆ ಹಿಡಿಯದಿರಲು ಇದೊಂದು ಕಾರಣ.

ಇತ್ತೀಚಿನ ಬೆಳವಣಿಗೆ: 1980ರ ದಶಕದಲ್ಲಿ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆ ವ್ಯಾಪಕವಾಯಿತು. ಇದರಿಂದ ಸೈನಸ್ ಬಾಯಿ ತೆರೆದುಕೊಂಡ ಮೇಲೆ ಸ್ಪ್ರೇ ಮತ್ತು ಮೂಗು ತೊಳೆಯುವ ಉಪ್ಪುನೀರು ಒಳಗೆ ಚೆನ್ನಾಗಿ ಹರಡುತ್ತವೆ. 2011ರಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಪಾಲಿಪ್‌ಗಳಲ್ಲಿ ಐಎಲ್‌ಸಿ-2 ಎಂಬ ಸಹಜ ಲಿಂಫ್ ಕೋಶಗಳು ಹೇರಳವಾಗಿರುವುದನ್ನು ತೋರಿಸಿದರು. ಇಂಟರ್‌ಲ್ಯೂಕಿನ್-5 ಮತ್ತು 13ನ್ನು ಸ್ರವಿಸುವ ಕೋಶಗಳಲ್ಲಿ ಇವೂ ಸೇರಿವೆ. ಇಂಟರ್‌ಲ್ಯೂಕಿನ್-4 ಮತ್ತು 13ರ ಸಂಕೇತವನ್ನು ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದಿಗೆ ಪಾಲಿಪ್ ಚಿಕಿತ್ಸೆಗಾಗಿ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಇಂಥ ಔಷಧಗಳು ದುಬಾರಿಯಾದ್ದರಿಂದ ಉಪ್ಪುನೀರಿನ ತೊಳೆತ ಮತ್ತು ಸ್ಟೀರಾಯ್ಡ್ ಸ್ಪ್ರೇಗಳೇ ಈಗಲೂ ಮೊದಲ ಹಂತದ ಚಿಕಿತ್ಸೆ.